ಮಸ್ಕಿಯಲ್ಲಿ ಇಲ್ಲದ ವಿಮಾನ ನಿಲ್ದಾಣದ ನಿಯಂತ್ರಕರಿಗೆ

ಮಾನ್ಯರೇ,

ಮೊದಲಿಗೆ ತಮಗೆ ಸಲಾಂ, ನಮಸ್ಕಾರ, ಮತ್ತು ತಾವು ನಮಗೆ ಪ್ರತಿ ಸಲ ಒಂದೇ ಧ್ವನಿಯಲ್ಲಿ ಹೇಳುವ ಆ ‘ಗುಡ್ ಡೇ’ಗೆ ಪ್ರತಿಯಾಗಿ ನನ್ನದೂ ಒಂದು ಗುಡ್ ಡೇ. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮೊಣಕಾಲು ನೋವು, ಬಿ.ಪಿ., ಸಕ್ಕರೆ ಕಾಯಿಲೆ ಇವು ಯಾವುವೂ ಕಂಪ್ಯೂಟರಿನ ಒಳಗೆ ಕೂತವರಿಗೆ ಬರುವುದಿಲ್ಲವೆಂದು ನನ್ನ ಅಳಿಯ ಇಶ್ತಿಯಾಕ್ ಹೇಳಿರುವುದರಿಂದ ಆ ಬಗ್ಗೆ ಹೆಚ್ಚು ವಿಚಾರಿಸಿ ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವುದಿಲ್ಲ. ಈ ಪತ್ರವನ್ನು ಹೀಗೆ ನಾಲ್ಕು ಜನ ಓದುವಂತೆ ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಮನ್ನಿಸಬೇಕು. ತಮ್ಮ ವಿಳಾಸಕ್ಕೇ ಕಳಿಸೋಣವೆಂದು ಅಂಚೆಗೆ ಹಾಕಲು ಹೋಗಿದ್ದೆ, ಅಲ್ಲಿದ್ದವರು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಸಾಹೇಬ್ರ, ಮಸ್ಕಿಗೆ ವಿಮಾನ ನಿಲ್ದಾಣ ಯಾವಾಗ ಬಂತ್ರೀ?” ಎಂದು ಕೇಳಿದರು. ಲಕೋಟೆ ಇಸಿದುಕೊಂಡು ವಾಪಸು ಬಂದೆ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಬುಡ್ಡೇಸಾಬ್, ಮಸ್ಕಿಯವನು. ಸಾರಿಗೆ ಸಂಸ್ಥೆಯಲ್ಲಿ ಸಂಚಾರ ನಿಯಂತ್ರಕನಾಗಿ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಆಯುಷ್ಯ, ಸಿಂಧನೂರಿನ ನಿಲ್ದಾಣದಲ್ಲಿ ಉಳಿದ ಆಯುಷ್ಯ ಕಳೆದು ಈಗ ನಿವೃತ್ತನಾಗಿದ್ದೇನೆ. ಅಂದರೆ ತಾವೂ ನಾನೂ ಒಂದೇ ಕಸುಬಿನವರು. ತಾವು ಗೋಪುರದಲ್ಲಿ ಕೂತು ವಿಮಾನಗಳಿಗೆ ಹೇಳುವುದನ್ನೇ ನಾನು ಗಾಜಿನ ಕೋಣೆಯಲ್ಲಿ ಕೂತು, ಬಾಯಿಗೆ ಮೈಕು ಹಿಡಿದು, ಬಸ್ಸುಗಳಿಗೆ ಹೇಳುತ್ತಿದ್ದೆ. ನಾನು ಸಹಿ ಮಾಡದೆ ಒಂದು ಬಸ್ಸೂ ಗೇಟು ದಾಟಿದ್ದಿಲ್ಲ. ಆದ್ದರಿಂದ ಈ ದೂರನ್ನು ಹೊರಗಿನವನ ಬೈಗುಳವೆಂದು ತಿಳಿಯದೆ, ಒಬ್ಬ ಹಿರಿಯ ಸಹೋದ್ಯೋಗಿಯ ಕಳಕಳಿಯ ಮಾತೆಂದು ತಾವು ಸ್ವೀಕರಿಸಬೇಕು.

ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಖಾಸಿಂಬೀಗೆ ಉಮ್ರಾ ಯಾತ್ರೆಗೆ ಹೋಗಬೇಕೆಂಬ ಆಸೆ ಮದುವೆಯಾಗಿ ಬಂದಾಗಿನಿಂದಲೂ ಇದೆ. ಈ ವರ್ಷ ಮಗಳು ಅರ್ಜುಮಂದ್ ಮತ್ತು ಅಳಿಯ ಇಶ್ತಿಯಾಕ್ ತಾವೂ ಹೊರಟು, ಅಮ್ಮನನ್ನೂ ಕರೆದುಕೊಂಡು ಹೋಗುತ್ತೇವೆಂದು ಮುಂದೆ ಬಂದರು. ನನ್ನ ಎರಡೂ ಮೊಣಕಾಲುಗಳು ಮಸೀದಿಯ ಮೆಟ್ಟಿಲಿಗೇ ತಕರಾರು ತೆಗೆಯುವುದರಿಂದ ನಾನು ಮನೆಯಲ್ಲಿರುವುದೆಂದು ತೀರ್ಮಾನವಾಯಿತು. ಪಾಸ್‌ಪೋರ್ಟು ಬಂತು, ಬಿಳಿ ಬಟ್ಟೆ ಹೊಲಿಸಿದ್ದಾಯಿತು, ಚೀಲ ತಂದದ್ದಾಯಿತು. ಎಲ್ಲಾ ಆದ ಮೇಲೆ ಖಾಸಿಂಬೀ ವಿಮಾನ ಹತ್ತುವುದಿಲ್ಲವೆಂದು ಕೂತಳು. “ಮ್ಯಾಲೆ ಹೋಗೂದು ಯಾರರ ಹೋಗತಾರ್ರೀ, ಇಳಿಯೂದು ತೋರಸ್ರಿ ನನಗ. ಅದೂ ನಮ್ಮ ಮಸ್ಕ್ಯಾಗ ಇಳೀಬೇಕು. ಬ್ಯಾರೆ ಊರಾಗ ಇಳದ್ರ ನನಗೇನ ಗುರ್ತ ಸಿಗತೈತಿ?” ಎಂಬುದು ಆಕೆಯ ಷರತ್ತು. ಶುಕ್ರವಾರ ಜುಮಾ ನಮಾಜು ಮುಗಿಯುವುದರೊಳಗೆ, ಯಾತ್ರೆಗೆ ಕರೆದೊಯ್ಯುವ ಜಮಾತಿನವರಿಗೆ ಹೆಸರು ಖಾತ್ರಿ ಮಾಡಬೇಕಿತ್ತು. ಅರ್ಜುಮಂದ್ ಅತ್ತು ಕರೆದು ಮಾಡಿದಳು. ಖಾಸಿಂಬೀ ಮಾತ್ರ ಅಕ್ಕಿ ಆರಿಸುವುದನ್ನು ಬಿಟ್ಟು ತಲೆ ಎತ್ತಲಿಲ್ಲ.

ಇಲ್ಲಿ ತಮ್ಮ ಪ್ರವೇಶವಾಗುತ್ತದೆ. ಇಶ್ತಿಯಾಕ್ ಸಿಂಧನೂರಿನಲ್ಲಿ ಭತ್ತ ಕೊಯ್ಯುವ ಯಂತ್ರಗಳ ರಿಪೇರಿ ಮಾಡುವವನು. ಸುಗ್ಗಿ ಮುಗಿದು ಕೈ ಖಾಲಿಯಾದಾಗ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಆಡುತ್ತಾನೆ. ಅತ್ತೆಯ ಷರತ್ತು ಕೇಳಿದವನೇ ಆ ಕಂಪ್ಯೂಟರನ್ನೂ, ದೊಡ್ಡ ಟಿ.ವಿ.ಯನ್ನೂ, ಹಳೆಯ ಕೊಯ್ಲು ಯಂತ್ರದಿಂದ ಬಿಚ್ಚಿದ ಒಂದು ಸೀಟನ್ನೂ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದು ನಮ್ಮ ನಡುಮನೆಯಲ್ಲಿ ಸ್ಥಾಪಿಸಿದ. ಅಷ್ಟೇ ಅಲ್ಲ, ಆಟದ ಒಳಗಿನ ಭೂಪಟದಲ್ಲಿ ಸಿಂಧನೂರು ರಸ್ತೆಯ ಪಕ್ಕ, ಕಾಲುವೆಯಾಚೆಗಿನ ಗದ್ದೆಯ ಮೇಲೆ, ತಾನೇ ಒಂದು ರನ್‌ವೇ ಎಳೆದು ಮಸ್ಕಿ ವಿಮಾನ ನಿಲ್ದಾಣವನ್ನು ಕಟ್ಟಿದ. ಕರೆಯಲು ಬಂದವರು ಬಿಸಿಲಿನಲ್ಲಿ ಎಲ್ಲಿ ನಿಲ್ಲಬೇಕೆಂದು ಖಾಸಿಂಬೀ ಕೇಳಿದ್ದಕ್ಕೆ ಒಂದು ಬೇವಿನ ಮರವನ್ನೂ ನೆಟ್ಟ. ತಮ್ಮನ್ನು ಮಾತ್ರ ಆತ ಕರೆದಿರಲಿಲ್ಲ. ನಿಲ್ದಾಣ ತಯಾರಾದ ಕೂಡಲೇ ಯಾವ ನೇಮಕಾತಿ ಆದೇಶವೂ ಇಲ್ಲದೆ, ಯಾವ ಕೌನ್ಸೆಲಿಂಗೂ ಇಲ್ಲದೆ, ತಾವಾಗಿಯೇ ಬಂದು ಗೋಪುರದಲ್ಲಿ ಕೂತು ಇಂಗ್ಲಿಷಿನಲ್ಲಿ ಮಾತನಾಡಲು ಶುರುಮಾಡಿದಿರಿ. ಕರ್ತವ್ಯನಿಷ್ಠೆಯೆಂದರೆ ಹೀಗಿರಬೇಕು!

ವಿಮಾನವನ್ನು ನಾನೇ ಹಾರಿಸಬೇಕೆಂದು ಖಾಸಿಂಬೀಯ ಇನ್ನೊಂದು ಷರತ್ತು. ಇಶ್ತಿಯಾಕನ ಮೋಟರ್ ಸೈಕಲ್ಲಿನಲ್ಲಿ ಒಮ್ಮೆ ಸಂತೆಕಲ್ಲೂರಿಗೆ ಹೋಗಿಬಂದ ದಿನದಿಂದ ಆಕೆ ಅವನನ್ನು ಅಳಿಯನೆಂದು ಮಾತ್ರ ನಂಬುತ್ತಾಳೆ, ಡ್ರೈವರನೆಂದು ನಂಬುವುದಿಲ್ಲ. ಸರಿ, ನಾನು ಕೊಯ್ಲು ಯಂತ್ರದ ಸೀಟಿನಲ್ಲಿ ಕೂತೆ, ಪಕ್ಕದ ಕುರ್ಚಿಯಲ್ಲಿ ಖಾಸಿಂಬೀ ತಸ್ಬಿ ಮಣಿಸರ ಹಿಡಿದು ಕೂತಳು, ಹಿಂದಿನ ಮಂಚದ ಮೇಲೆ ಪಕ್ಕದ ಮನೆಯ ಗದ್ದೆಮ್ಮ ಪ್ರಯಾಣಿಕಳಾಗಿ ಕೂತಳು. ಹೊರಡಲು ತಮ್ಮ ಅಪ್ಪಣೆ ಕೇಳಿದೆ. ತಾವು ಕಾಯಲು ಹೇಳಿದಿರಿ. ಕಾದೆವು. ಖಾಸಿಂಬೀ ಎದ್ದು ಹೋಗಿ ಸಾರಿಗೆ ಒಗ್ಗರಣೆ ಕೊಟ್ಟು ಬಂದಳು, ತಾವು ಇನ್ನೂ ಕಾಯಲು ಹೇಳುತ್ತಿದ್ದಿರಿ. ಲಿಂಗಸುಗೂರಿನಲ್ಲಿ ನಾನು ಹೀಗೆ ಒಂದು ಬಸ್ಸನ್ನು ತಡೆದಿದ್ದರೆ ಪ್ರಯಾಣಿಕರು ನನ್ನ ಗಾಜಿನ ಕೋಣೆಯನ್ನು ನನ್ನ ಸಮೇತ ಎತ್ತಿಕೊಂಡು ಹೋಗಿ ಡಿಪೊದಲ್ಲಿ ಇಡುತ್ತಿದ್ದರು. ಅಂಥ ಅಂಜಿಕೆಯಿಲ್ಲದ ನೌಕರಿ ತಮಗೆ ಸಿಕ್ಕಿರುವುದು ತಮ್ಮ ಪುಣ್ಯ.

ತಮ್ಮೊಡನೆ ಮಾತನಾಡುವ ವ್ಯವಸ್ಥೆಯನ್ನೂ ನಾನು ಬಾಯಿತುಂಬ ಹೊಗಳಬೇಕು. ತಾವು ಏನು ಬೇಕಾದರೂ ಹೇಳಬಹುದು. ನಾವು ಮಾತ್ರ ಪರದೆಯ ಮೂಲೆಯಲ್ಲಿ ಬರುವ ಮೂರು ಮಾತುಗಳಲ್ಲಿ ಒಂದನ್ನು ಒತ್ತಬೇಕು. ಒಪ್ಪಿದೆ, ಇನ್ನೊಮ್ಮೆ ಹೇಳಿ, ಸಾಧ್ಯವಿಲ್ಲ. ಇಷ್ಟೇ. ‘ಪಕ್ಕದಲ್ಲಿ ನನ್ನ ಹೆಂಡತಿ ಕೂತಿದ್ದಾಳೆ, ಆಕೆಯ ಕೈಕಾಲು ತಣ್ಣಗಾಗಿವೆ, ಇದೊಂದು ಸಲ ನಮ್ಮನ್ನು ಮೊದಲು ಇಳಿಸಿಕೊಳ್ಳಿ’ ಎಂಬ ಬಟನ್ನು ಎಲ್ಲಿದೆಯೆಂದು ನಾನು ಕನ್ನಡಕ ಒರೆಸಿ ಒರೆಸಿ ಹುಡುಕಿದೆ. ಅಂಥದ್ದಿಲ್ಲ. ಇಶ್ತಿಯಾಕ್ ಕೊಟ್ಟ ಮೈಕಿನಲ್ಲಿ ಹೇಳಿಯೂ ನೋಡಿದೆ. ಆ ಮೈಕು ತಮ್ಮವರೆಗೆ ಮುಟ್ಟುವುದೇ ಇಲ್ಲವಂತೆ, ಬರೀ ತಲೆಯ ಮೇಲೆ ಚೆಂದ ಕಾಣುವುದಕ್ಕಂತೆ.

ಇನ್ನು ಮೊದಲ ಹಾರಾಟದ ದಿನ ತಾವು ತೋರಿದ ಮಾರ್ಗದರ್ಶನದ ವಿಷಯ. ಮೇಲೇರಿ ಒಂದು ಸುತ್ತು ಹೊಡೆದು ಇಳಿಯಲು ಬರುತ್ತಿದ್ದೆವು. ಕೆಳಗೆ ಕಾಲುವೆ ಕಂಡಿತು, ಬೇವಿನ ಮರವೂ ಕಂಡಿತು, ಖಾಸಿಂಬೀಯ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಆಗ ತಾವು ಬಲಕ್ಕೆ ತಿರುಗಲು ಹೇಳಿದಿರಿ, ಒಪ್ಪಿದೆ ಎಂದು ಒತ್ತಿದೆ. ಕೆಳಗಿಳಿಯಲು ಹೇಳಿದಿರಿ, ಒಪ್ಪಿದೆ ಎಂದು ಒತ್ತಿದೆ. ಇನ್ನೂ ಕೆಳಗಿಳಿಯಲು ಹೇಳಿದಿರಿ. ನಾನು ನಿಯಂತ್ರಕನ ಮಾತು ಮೀರುವವನಲ್ಲ. ಗದ್ದೆಮ್ಮ ಮಂಚದ ಮೇಲಿಂದ, “ಅಣ್ಣಾರ, ಎದುರಿಗೆ ಮಸ್ಕಿ ಗುಡ್ಡ ಬರಾಕತ್ತೈತಲ್ರೀ!” ಎಂದು ಕೂಗಿದಳು. ಹುಟ್ಟಿದಾಗಿನಿಂದ ನೋಡಿದ ಗುಡ್ಡ, ಊರಿನ ನೆತ್ತಿಯ ಮೇಲೆ ನಿಂತ ಗುಡ್ಡ, ಅದು ನಮಗೆ ಮೂವರಿಗೂ ಕಾಣುತ್ತಿತ್ತು. ಗೋಪುರದಲ್ಲಿ ಕೂತ ತಮಗೊಬ್ಬರಿಗೆ ಕಾಣುತ್ತಿರಲಿಲ್ಲ. ಪರದೆ ಒಮ್ಮೆಲೇ ಕಪ್ಪಾಯಿತು. ಆ ಕತ್ತಲೆಯಲ್ಲಿಯೂ ತಾವು ಬೇಸರಿಸದೆ, ದಾರಿ ತಪ್ಪಿದ್ದೀರಿ, ಎಡಕ್ಕೆ ತಿರುಗಿ ಎಂದು ನಮಗೆ ಹೇಳುತ್ತಲೇ ಇದ್ದಿರಿ. ಖಾಸಿಂಬೀ ಎದ್ದು ಟಿ.ವಿ.ಯ ಮೇಲೆ ಬೆಡ್‌ಶೀಟು ಹೊದಿಸಿ ಒಳಗೆ ಹೋದಳು. ಆ ದಿನ ಆಕೆ ಊಟ ಮಾಡಲಿಲ್ಲ, ನನಗೂ ಒಂದು ತುತ್ತು ಇಳಿಯಲಿಲ್ಲ.

ಮರುದಿನ ಕೈಕಾಲು ಹಿಡಿದು ಮತ್ತೆ ಕೂರಿಸಿದೆ. ಈ ಸಲ ಗುಡ್ಡದ ಗೊಡವೆ ಬೇಡವೆಂದು ಪೂರ್ವಕ್ಕೆ ಹೊರಟೆ. ಜವಳಗೇರಾ ಹತ್ತಿರ ಬಂದಾಗ ಗದ್ದೆಮ್ಮ, “ಸ್ವಲ್ಪ ಸಾವಕಾಶ ಮಾಡ್ರಿ, ನಮ್ಮಕ್ಕನ ಮನಿ ಕಾಣತೈತೇನು ನೋಡತೀನಿ,” ಎಂದಳು. ಪ್ರಯಾಣಿಕರ ಕೋರಿಕೆ, ಕೈ ಮಾಡಿದಲ್ಲಿ ನಿಲ್ಲಿಸುವುದು ನಮ್ಮ ಕಡೆಯ ಬಸ್ಸುಗಳಲ್ಲಿ ನಡೆದುಬಂದ ರೂಢಿ. ಒಂದು ಸಣ್ಣ ಸುತ್ತು ಹೊಡೆದೆ. ಅಷ್ಟಕ್ಕೇ ತಾವು ದಾರಿ ಬಿಟ್ಟಿದ್ದೀರಿ, ದಾರಿ ಬಿಟ್ಟಿದ್ದೀರಿ ಎಂದು ಎಷ್ಟು ಸಲ ಹೇಳಿದಿರೆಂದರೆ ಗದ್ದೆಮ್ಮನಿಗೇ ನಾಚಿಕೆಯಾಗಿ, ತಾನು ಬೇಕಾದರೆ ಇಲ್ಲೇ ಇಳಿದು ನಡೆದು ಹೋಗುತ್ತೇನೆ ಎಂದುಬಿಟ್ಟಳು. ಗುಡ್ಡ ಕಾಣದ ಕಣ್ಣಿಗೆ ಗದ್ದೆಮ್ಮನ ಅಕ್ಕನ ಮನೆ ಕಂಡದ್ದು ಹೇಗೆಂದು ನನಗೆ ಇವತ್ತಿಗೂ ಆಶ್ಚರ್ಯ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಗೋಳು. ಇಳಿಯಲು ಸರಿಯಾಗಿ ರನ್‌ವೇ ಮುಂದೆ ಬಂದಾಗ ತಾವು ‘ಗೋ ಅರೌಂಡ್’ ಎಂದಿರಿ. ಅಂದರೆ ಇಳಿಯಬೇಡಿ, ಇನ್ನೊಂದು ಸುತ್ತು ಹೋಗಿಬನ್ನಿ. ಕಾರಣ, ರನ್‌ವೇಯ ಆ ತುದಿಯಲ್ಲಿ ಇನ್ನೊಂದು ವಿಮಾನ ನಿಂತಿದೆ. ಇನ್ನೊಂದು ಸುತ್ತು ಹೋಗಿಬಂದೆವು, ಅದು ಅಲ್ಲೇ ನಿಂತಿತ್ತು. ಮಾರನೆಯ ದಿನವೂ ನಿಂತಿತ್ತು. ಅದಕ್ಕೆ ಪೈಲಟ್ ಇಲ್ಲ, ಪ್ರಯಾಣಿಕರಿಲ್ಲ, ಹೋಗುವ ಊರೂ ಇಲ್ಲವಂತೆ. ನಿಲ್ದಾಣ ಭಣಭಣ ಅನ್ನಿಸದಿರಲೆಂದು ಆಟವೇ ತಂದಿಟ್ಟದ್ದಂತೆ. ನಾನು ಸಿಂಧನೂರಿನಲ್ಲಿ ಸೀಟಿ ಊದಿ ಎಷ್ಟೋ ಕೆಟ್ಟ ಬಸ್ಸುಗಳನ್ನು ಪ್ರಯಾಣಿಕರಿಂದಲೇ ತಳ್ಳಿಸಿ ಬದಿಗೆ ಹಾಕಿಸಿದ್ದೇನೆ. ತಾವು ಮಾತ್ರ ಆ ಯಾರೂ ಇಲ್ಲದ ವಿಮಾನಕ್ಕೆ ತೋರಿಸಿದ ಮರ್ಯಾದೆಯನ್ನು ಮೂರು ಜೀವ ಹೊತ್ತು ಮೇಲೆ ತಿರುಗುತ್ತಿದ್ದ ನಮಗೆ ತೋರಿಸಲಿಲ್ಲ. ಖಾಸಿಂಬೀ ಒಂದೊಂದು ‘ಗೋ ಅರೌಂಡ್’ಗೂ ಒಂದಷ್ಟು ಕುಗ್ಗುತ್ತ ಹೋದಳು. “ನೋಡ್ರಿ, ನಾ ಹೇಳಿದ್ದಿಲ್ಲಾ? ಮ್ಯಾಲೆ ಬಿಡತಾರ, ಕೆಳಗ ಬಿಡಂಗಿಲ್ಲ,” ಎಂದು ಅಳುವ ದನಿಯಲ್ಲಿ ಹೇಳಿದಳು.

ಆಕೆಗೆ ತಮ್ಮ ಇಂಗ್ಲಿಷು ತಿಳಿಯುವುದಿಲ್ಲ. ಆದರೆ ದನಿ ತಿಳಿಯುತ್ತದೆ. “ಅಂವ ಒಮ್ಮೀನೂ ಸಿಟ್ಟಿಗೇಳಂಗಿಲ್ಲಲ್ರೀ. ನೀವು ಮೈಕಿನ್ಯಾಗ ಹೆಂಗ ಒದರತಿದ್ರಿ! ಒದರೂ ಮನಷ್ಯಾ ನಮ್ಮನ್ನ ನೋಡಾಕತ್ತಾನ ಅಂತ ಅರ್ಥ. ಇಂವ ನೋಡವಲ್ಲ,” ಎಂದಳು. ಮಾನ್ಯರೇ, ತಮ್ಮ ಸೇವಾ ದಾಖಲೆಗೆ ಇದಕ್ಕಿಂತ ಒಳ್ಳೆಯ ಷರಾ ನನ್ನಿಂದ ಬರೆಯಲಾಗುವುದಿಲ್ಲ.

ಶುಕ್ರವಾರ ಬಂತು. ಜುಮಾಕ್ಕೆ ಹೋಗುವ ಮುಂಚೆ ಕೊನೆಯದೊಂದು ಸಲ ನೋಡೋಣವೆಂದು ಕೂತೆವು. ಅರ್ಜುಮಂದ್ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದಳು, ಜಮಾತಿನವರಿಗೆ ಹೂಂ ಅನ್ನುವುದೋ ಊಹೂಂ ಅನ್ನುವುದೋ ಎಂದು. ರನ್‌ವೇ ಎದುರಿಗೆ ಬಂತು, ಆ ಅನಾಥ ವಿಮಾನ ಆ ತುದಿಯಲ್ಲೇ ಇತ್ತು, ತಾವು ಎಂದಿನಂತೆ ‘ಗೋ ಅರೌಂಡ್’ ಎಂದಿರಿ. ಆಗ ನನ್ನ ಹೆಂಡತಿ ನನ್ನ ತಲೆಯ ಮೇಲಿದ್ದ ಮೈಕನ್ನು ಕಿತ್ತುಕೊಂಡು ತಮ್ಮನ್ನು ಉದ್ದೇಶಿಸಿ ಆಡಿದ ಮಾತುಗಳನ್ನು ಪೂರ್ತಿ ಬರೆಯಲು ಸಂಕೋಚವಾಗುತ್ತದೆ. “ನಿನ್ನ ಬಾಯಾಗ ಮಣ್ಣ ಬೀಳಲಿ, ನಿನ್ನ ಗೋಪುರ ಮುರದು ನಿನ್ನ ಮ್ಯಾಲೇ ಬೀಳಲಿ, ನಿನಗ ಜನ್ಮದಾಗ ಬಿಸಿ ರೊಟ್ಟಿ ಸಿಗದಂಗ ಆಗಲಿ!” ಎಂಬುದು ಅದರಲ್ಲಿ ಸೌಮ್ಯವಾದ ಭಾಗ. ಆಮೇಲೆ ನನ್ನ ಕಡೆ ತಿರುಗಿ, “ಇಳಸ್ರಿ. ಅಂವ ಏನರ ಅನಲಿ. ಅಷ್ಟ ಜಾಗಾ ಖಾಲಿ ಬಿದ್ದೈತಿ, ನಿಮಗ ಕಾಣವಲ್ಲದೇನು?” ಎಂದಳು.

ಕಾಣುತ್ತಿತ್ತು. ಆಯುಧಪೂಜೆಯ ಗದ್ದಲದಲ್ಲಿ ಒಂದೇ ಪ್ಲಾಟ್‌ಫಾರ್ಮಿಗೆ ಹಿಂದೊಂದು ಮುಂದೊಂದು ಎರಡು ಬಸ್ಸು ನಿಲ್ಲಿಸಿದವನು ನಾನು. ಆದರೆ ಒಬ್ಬ ನಿಯಂತ್ರಕನ ಮಾತನ್ನು ಮೀರುವುದು ಹೇಗೆ? ನನ್ನ ಈ ಕೈ ಸಹಿ ಹಾಕಿ ಬದುಕಿದ್ದು, ಸಹಿ ದಾಟಿ ಅಲ್ಲ. ಆದರೂ ಸಾಧ್ಯವಿಲ್ಲ ಎಂಬ ಬಟನ್ನನ್ನು ಆ ದಿನ ಮೊದಲ ಸಲ ಒತ್ತಿದೆ, ಮತ್ತು ಇಳಿಸಿದೆ. ವಿಮಾನ ನೆಲಕ್ಕೆ ಬಡಿದು, ಕುಣಿದು, ಓಡಿ, ಆ ಅನಾಥನ ಬಾಲದ ಕಡೆಗೆ ಹೊರಟಿತು. ಹಿಂದಿನಿಂದ ಗದ್ದೆಮ್ಮ ಕಪಾಟನ್ನು ಅಂಗೈಯಿಂದ ಬಡಿಯುತ್ತ, “ಬರ್ಲಿ, ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!” ಎಂದಳು. ನಿಂತಿತು. ನಡುವೆ ಒಬ್ಬ ಮನುಷ್ಯ ಅಡ್ಡ ನಡೆದು ಹೋಗುವಷ್ಟು ಜಾಗ ಉಳಿದಿತ್ತು. ಕಿಟಕಿಯಾಚೆ ಬೇವಿನ ಮರ ಕಾಣುತ್ತಿತ್ತು. ಖಾಸಿಂಬೀ ಬಹಳ ಹೊತ್ತು ಆ ಮರವನ್ನೇ ನೋಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಮಗಳ ಕಡೆ ತಿರುಗಿ, “ಬೋಲ್ ದೇ ಬೇಟಾ, ಮೈ ಆತೂಂ,” ಎಂದಳು. ಬರುತ್ತೇನೆಂದು ಹೇಳಿಬಿಡು ಎಂದರೆ, ಮಾನ್ಯರೇ, ಅದಕ್ಕಿಂತ ದೊಡ್ಡ ಮಾತು ಆ ದಿನ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ. ತಾವು ಆ ಗಳಿಗೆಯಲ್ಲಿಯೇ, ನೀವು ಅನುಮತಿಯಿಲ್ಲದೆ ಇಳಿದಿದ್ದೀರಿ, ದಾಖಲಿಸಿಕೊಳ್ಳಲಾಗಿದೆ ಎಂದು ತಿಳಿಸಿದಿರಿ.

ಇಲ್ಲಿಗೆ ಎಲ್ಲಾ ಮುಗಿಯಿತೆಂದು ನಾನು ತಿಳಿದಿದ್ದೆ. ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಆ ಪವಿತ್ರ ನೆಲಕ್ಕೆ ಹೊರಡುವ ಮುಂಚೆ ನೆಂಟರು, ನೆರೆಯವರು, ಜಗಳವಾಡಿದವರು, ಎಲ್ಲರ ಮುಂದೂ ಹೋಗಿ, ‘ಕಹೇ ಸುನೇ ಸೋ ಮಾಫ್ ಕರೋ’ ಎಂದು, ಅಂದರೆ ಅಂದದ್ದು ಆಡಿದ್ದು ಮನ್ನಿಸಿ ಎಂದು ಕೇಳಿಕೊಂಡು, ಮಾಫ್ ಮಾಡಿಸಿಕೊಂಡೇ ಹೊರಡಬೇಕು. ಖಾಸಿಂಬೀ ಓಣಿಯೆಲ್ಲಾ ಸುತ್ತಿದಳು. ಹಾಲಿನವನ ಹತ್ತಿರ ಕೇಳಿದಳು, ಬೀಗಿತ್ತಿಯ ಹತ್ತಿರವೂ ಕೇಳಿದಳು, ಇದು ಸಾಮಾನ್ಯ ಸಂಗತಿಯಲ್ಲ. ಗದ್ದೆಮ್ಮ, “ನನಗೇನ ಅಂದೀಯವ್ವ ನೀ, ಹೋಗಿ ಬಾ,” ಎಂದು ಅತ್ತು ತಬ್ಬಿಕೊಂಡಳು. ಎಲ್ಲರದೂ ಮುಗಿದ ಮೇಲೆ ಮನೆಗೆ ಬಂದು ಟಿ.ವಿ. ಹಚ್ಚಲು ಹೇಳಿದಳು. ಅದರ ಮುಂದೆ ತಲೆಯ ಮೇಲೆ ಸೆರಗು ಹೊದ್ದು ನಿಂತು, ಮೈಕು ಹಿಡಿದು, ತಮ್ಮ ಹತ್ತಿರ ಮಾಫಿ ಕೇಳಿದಳು.

ಅದು ಮನುಷ್ಯನಲ್ಲ, ಮಷೀನು ಎಂದು ಅರ್ಜುಮಂದ್ ತಿಳಿಸಿ ಹೇಳಿದಳು. “ಅಂವ ಯಾರರ ಇರಲಿ, ಬೈದದ್ದು ನನ್ನ ಬಾಯಿ ಹೌದಲ್ಲೋ?” ಎಂದಳು ಖಾಸಿಂಬೀ. “ಅದೂ ರೊಟ್ಟಿ ಮ್ಯಾಲೆ ಶಾಪ ಹಾಕೀನಿ. ರೊಟ್ಟಿ ಮ್ಯಾಲೆ ಹಾಕಬಾರದಿತ್ತು.” ತಾವು ಅದಕ್ಕೆ ಕೊಟ್ಟ ಉತ್ತರ ‘ಸ್ಟ್ಯಾಂಡ್ ಬೈ’, ಸ್ವಲ್ಪ ಕಾಯಿರಿ. ನನ್ನ ಹೆಂಡತಿ ಅಂದಿನಿಂದ ಕಾಯುತ್ತಿದ್ದಾಳೆ. ರೊಟ್ಟಿ ಬಡಿಯುತ್ತ ನಡುನಡುವೆ ಬಂದು ಪರದೆ ನೋಡಿ ಹೋಗುತ್ತಾಳೆ. ಚೀಲ ಕಟ್ಟಿ ಬಾಗಿಲಲ್ಲಿಟ್ಟಿದೆ, ನಾಳೆ ಮಧ್ಯಾಹ್ನ ಹೈದರಾಬಾದಿಗೆ ಜಮಾತಿನ ಬಸ್ಸು ಹೊರಡುತ್ತದೆ, ತಮ್ಮ ಮಾಫಿ ಸಿಗದೆ ತಾನು ಹೊಸ್ತಿಲು ದಾಟುವುದಿಲ್ಲ ಎನ್ನುತ್ತಾಳೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ. ಗುಡ್ಡವನ್ನು ಸ್ವಲ್ಪ ಬದಿಗೆ ಸರಿಸಿ ಎಂದು ಕೇಳುವುದಿಲ್ಲ, ಅದು ಇಲ್ಲಿಯ ಹಳೆಯ ನಿವಾಸಿ. ಅನಾಥ ವಿಮಾನವನ್ನು ತಳ್ಳಿಸಿ ಎನ್ನುವುದಿಲ್ಲ, ತಳ್ಳಲು ತಮಗೆ ಕೈಗಳಿಲ್ಲ. ನನ್ನ ಮೇಲೆ ದಾಖಲಿಸಿದ ತಪ್ಪನ್ನು ಹಾಗೆಯೇ ಇಟ್ಟುಕೊಳ್ಳಿ, ಬೇಕಾದರೆ ಪಿಂಚಣಿಯನ್ನೂ ತಡೆಹಿಡಿಯಿರಿ. ತಮ್ಮ ಅಷ್ಟೆಲ್ಲ ಇಂಗ್ಲಿಷಿನ ಮಧ್ಯೆ ಎಲ್ಲಾದರೂ ‘ಮಾಫ್ ಕಿಯಾ’ ಎಂಬ ಎರಡು ಶಬ್ದ ಸಿಕ್ಕರೆ, ನಾಳೆ ಮಧ್ಯಾಹ್ನದೊಳಗೆ, ಒಂದೇ ಒಂದು ಸಲ, ಆಕೆ ಪರದೆಯ ಮುಂದೆ ನಿಂತಿರುವಾಗ ಹೇಳಿಬಿಡಿ. ಕನ್ನಡದಲ್ಲಾದರೂ ನಡೆಯುತ್ತದೆ. ಸಿಟ್ಟಿನಿಂದ ಹೇಳಿದರೆ ಇನ್ನೂ ಒಳ್ಳೆಯದು, ನಿಜವೆಂದು ನಂಬುತ್ತಾಳೆ.

ಗೋಪುರದ ಕಡೆ ಕತ್ತೆತ್ತಿ ಕಾದಿರುವ,
ತಮ್ಮ ವಿಶ್ವಾಸಿ,
ಬುಡ್ಡೇಸಾಬ್
ನಿವೃತ್ತ ಸಂಚಾರ ನಿಯಂತ್ರಕ, ಮಸ್ಕಿ

ವಿ.ಸೂ.: ಪತ್ರವನ್ನು ಮುಚ್ಚುವ ಮುಂಚೆ ಇಷ್ಟು ತಿಳಿಸುವುದು ಅವಶ್ಯ. ತಾವು ಬೆಳಗಿನವರೆಗೂ ಸ್ಟ್ಯಾಂಡ್ ಬೈ ಎನ್ನುತ್ತಲೇ ಇದ್ದುದರಿಂದ, ತಮ್ಮ ಕೆಲಸವನ್ನು ನಾನೇ ಮಾಡಬೇಕಾಯಿತು. ಖಾಸಿಂಬೀ ಟಿ.ವಿ.ಯ ಮುಂದೆ ನಿಂತಿದ್ದಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಬಾಯಿಗೆ ತಂಬಿಗೆ ಹಿಡಿದು, ಲಿಂಗಸುಗೂರಿನ ದನಿಯಲ್ಲಿ, “ಪ್ರಯಾಣಿಕರ ಗಮನಕ್ಕೆ. ಖಾಸಿಂಬೀಯವರು ಅಂದದ್ದು ಆಡಿದ್ದು ಎಲ್ಲಾ ಮಾಫ್ ಆಗಿರುತ್ತದೆ. ಅವರು ಕೂಡಲೇ ಹೊರಡಬೇಕು,” ಎಂದು ಘೋಷಿಸಿದೆ. ಆಕೆ ತಿರುಗಿ ನೋಡದೆ, “ಆತ್ ಬಿಡ್ರಿ. ಅಂವನ ದನಿ ಥೇಟ್ ನಿಮ್ಮಂಗ ಐತಿ,” ಎಂದು ಚೀಲಕ್ಕೆ ಕೈ ಹಾಕಿದಳು. ಬಸ್ಸು ಹತ್ತುವಾಗ ಹೇಳಿ ಹೋದಳು: ಅಲ್ಲಿ ಮಗಳು ಅಳಿಯನಿಗೆ ದುವಾ ಕೇಳಿದ ಮೇಲೆ ತಮಗೂ ಒಂದು ದುವಾ ಕೇಳುತ್ತಾಳಂತೆ. “ಯಾವಾಗ ನೋಡಿದ್ರೂ ಡ್ಯೂಟಿ ಮ್ಯಾಲೇ ಅದಾನ ಪಾಪ. ಅಂವಗ ಲಗೂನ ರಿಲೀವರ್ ಬರಲಿ, ಬಿಸಿ ರೊಟ್ಟಿ ಸಿಗಲಿ.” ಆಕೆಯ ದುವಾ ಫಲಿಸಿ ತಮ್ಮ ಜಾಗಕ್ಕೆ ಬೇಗ ಬೇರೊಬ್ಬರು ಬರಲೆಂದು ನಾನೂ ಮನಸಾರೆ ಹಾರೈಸುತ್ತೇನೆ. ಈಗ ನಡುಮನೆಯಲ್ಲಿ ತಾವು ಮತ್ತು ನಾನು ಇಬ್ಬರೇ ಇದ್ದೇವೆ. ಆಕೆ ಇಳಿದೆನೆಂದು ಫೋನು ಮಾಡುವವರೆಗೆ, ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ, ತಾವು ಯಾವ ವಿಮಾನಕ್ಕೂ ಏನನ್ನೂ ಹೇಳಬೇಡಿ.